ಬ್ಯಾಗಿನವರ ಕಥೆ, ಭಾಗ 4: ಹಿಂದಿನ ಸೀಟಿನ ಮ್ಯಾನೇಜರ್

ಫೋಟೋದಾಗ ಕಾಣೋದು ನಮ್ಮ ಸತ್ತೂರ. ನಡುವೆ ಚಿಗರಿ ಬಸ್ಸಿನ ದಾರಿ, ಪಕ್ಕಕ್ಕ ಎಸ್‌ಡಿಎಂ. ಅಲ್ಲಿ ಬೈಕ್ ನಿಲ್ಲಿಸಿ, ಕನ್ನಡಿ ನೋಡಿ ಟೈ ಸರಿ ಮಾಡ್ಕೊಳ್ಳೋರನ್ನ ನೀವೂ ನೋಡಿರ್ತೀರಿ. ಕೈಯಾಗ ಕರಿ ಬ್ಯಾಗ್. ಅವರೇ ಎಂಆರ್, ಅಂದ್ರ ಔಷಧ ಕಂಪನಿಯ ಮೆಡಿಕಲ್ ರೆಪ್.

1957ರಲ್ಲಿ ಹುಬ್ಬಳ್ಳಿಗೆ ಕೆಎಂಸಿ ಬಂತು. ಸತ್ತೂರಿಗೆ 1986ರಲ್ಲಿ ಎಸ್‌ಡಿಎಂ ಡೆಂಟಲ್ ಕಾಲೇಜು, 2003ರಲ್ಲಿ ಮೆಡಿಕಲ್ ಕಾಲೇಜು. ಡಾಕ್ಟರು ಹೆಚ್ಚಾದಂಗ ಬ್ಯಾಗಿನವರೂ ಹೆಚ್ಚಾದ್ರು.

ಈ ಕೆಲಸದ ವಿಚಿತ್ರ ಏನಂದ್ರ, ಎಂಆರ್‌ಗೆ ಆಫೀಸು ಅನ್ನೋದೇ ಇರೋದಿಲ್ಲ. ಕಂಪನಿ ಎಲ್ಲೋ ಮುಂಬೈನಾಗ. ಅವನ ಪಾಲಿಗೆ ಕಂಪನಿ ಅಂದ್ರ ಒಬ್ಬನೇ ಮನುಷ್ಯ, ಏರಿಯಾ ಮ್ಯಾನೇಜರ್. ಟೂರ್ ಪ್ರೋಗ್ರಾಂ ಒಪ್ಪೋನೂ ಅವನೇ, ರಜಾ ಕೊಡೋನೂ ಅವನೇ. ಜಾಯಿಂಟ್ ವರ್ಕ್ ದಿನ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಬರೋನೂ ಅವನೇ.

ಆ ಒಬ್ಬ ಮನುಷ್ಯ ಸರಿ ಇಲ್ಲದಿದ್ರ? 1961ರಲ್ಲಿ ಮೇ ಅಂಡ್ ಬೇಕರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರ ಮಾಡಿ ಮಾರಾಟ ಹೆಚ್ಚಿಸೋದೇ ಮುಖ್ಯ ಕೆಲಸವಾದ ರೆಪ್ ಕಾನೂನಿನ ಅರ್ಥದಲ್ಲಿ 'ವರ್ಕ್‌ಮನ್' ಅಲ್ಲ ಅಂತ ಹೇಳಿತು. ಅಂದ್ರ ಕೆಲಸದಿಂದ ತೆಗೆದ್ರೂ ಕಾರ್ಮಿಕ ನ್ಯಾಯಾಲಯದ ಬಾಗಿಲು ಅವನಿಗೆ ಮುಚ್ಚಿತ್ತು. 1963ರಲ್ಲಿ ರೆಪ್‌ಗಳ ಅಖಿಲ ಭಾರತ ಒಕ್ಕೂಟ ಹುಟ್ಟಿತು. ಇವರ ಅಹವಾಲು ರಾಜ್ಯಸಭೆಯ ಅರ್ಜಿಗಳ ಸಮಿತಿಯ ತನಕ ಹೋಯಿತು. 1972ರಲ್ಲಿ ಸಮಿತಿ ವರದಿ ಕೊಟ್ಟಿತು. 1976ರಲ್ಲಿ ಸೇಲ್ಸ್ ಪ್ರಮೋಷನ್ ಎಂಪ್ಲಾಯೀಸ್ ಕಾಯ್ದೆ ಬಂತು.

ಆ ಕಾಯ್ದೆ ಕೊಟ್ಟದ್ದನ್ನ ನೋಡ್ರಿ. ನೇಮಕಾತಿ ಪತ್ರ ಕೊಡಲೇಬೇಕು. ಹನ್ನೊಂದು ದಿನದ ಕೆಲಸಕ್ಕೆ ಒಂದು ದಿನದ ಲೆಕ್ಕದಲ್ಲಿ ಗಳಿಕೆ ರಜೆ. ಹದಿನೆಂಟು ದಿನದ ಸೇವೆಗೆ ಒಂದು ದಿನ, ಅರ್ಧ ಸಂಬಳದ ಕಾಯಿಲೆ ರಜೆ. ನೇಮಕಾತಿ ಪತ್ರಕ್ಕೂ ಒಂದು ಕಾನೂನು ಬೇಕಾಯ್ತು ಅಂದ್ರ, ಮೊದಲಿನ ಸ್ಥಿತಿ ನೀವೇ ಊಹಿಸ್ರಿ! ಅದೂ ಮೊದಲಿಗೆ ಕಮಿಷನ್ ಬಿಟ್ಟು ತಿಂಗಳಿಗೆ 750 ರೂಪಾಯಿ ಮೀರದ ಸಂಬಳದವರಿಗೆ ಮಾತ್ರ. ಆ ಮಿತಿ ತೆಗೆದದ್ದು 1987ರಲ್ಲಿ.

ಕಾಗದದ ಮೇಲೆ ರಜೆ ಬಂತು. ಆದ್ರ ಅದನ್ನ ಕೇಳೋದು ಮತ್ತ ಅದೇ ಮನುಷ್ಯನ ಹತ್ರ.

ನಾನೂ ಕೆಲವು ವರ್ಷ ಬ್ಯಾಗ್ ಹೊತ್ತವನು. ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ ವಾರ, ಟಾರ್ಗೆಟ್ ಅರ್ಧಕ್ಕೇ ನಿಂತಿತ್ತು. ನಮ್ಮ ಸರ್ ಬೆಳಗಾವಿಯಿಂದ ಬಂದ್ರು. ಬೈತಾರ ಅಂದ್ಕೊಂಡಿದ್ದೆ. "ಬ್ಯಾಗ್ ಕೊಡು ಇಲ್ಲಿ, ಎರಡು ದಿನ ಗದಗ ನಾ ನೋಡ್ಕೋತೀನಿ, ನೀ ಅಪ್ಪಾರ ಹತ್ರ ಕೂಡು" ಅಂದ್ರು. ಸಂಜೆ ಫೋನ್ ಮಾಡಿ ಯಾವ ಡಾಕ್ಟರ್ ಏನಂದ್ರು ಅಂತಷ್ಟೇ ಹೇಳಿದ್ರು. ಆಮೇಲೆ ಬೇರೆ ಕಂಪನಿಯಿಂದ ಹೆಚ್ಚು ಸಂಬಳಕ್ಕೆ ಕರೆ ಬಂದಿತ್ತು. ಹೋಗಲಿಲ್ಲ.

ಸರ್‌ಗೆ ಟ್ರಾನ್ಸ್‌ಫರ್ ಆಯ್ತು. ಹೊಸಬರು ಬೆಳಿಗ್ಗೆ ಒಂಬತ್ತಕ್ಕ ಫೋನ್ ಮಾಡಿ "ಎಲ್ಲಿದ್ದೀ, ಲೊಕೇಶನ್ ಕಳಿಸು" ಅನ್ನೋರು. ಜಾಯಿಂಟ್ ವರ್ಕ್‌ಗೆ ಬಂದ್ರ ಡಾಕ್ಟರ್ ಮುಂದೇನೇ ನನ್ನ ತಪ್ಪು ತಿದ್ದೋರು. ಅದೇ ಕಂಪನಿ, ಅದೇ ಸಂಬಳ, ಅದೇ ಗೋಳಿ. ನಾಲ್ಕು ತಿಂಗಳಿಗೆ ರಾಜೀನಾಮೆ ಬರೆದೆ. ಅವರನ್ನೂ ಪೂರ್ತಿ ಬೈಯೋ ಹಾಗಿಲ್ಲ ಬಿಡ್ರಿ, ಅವರಿಗೂ ಮೇಲಿನಿಂದ ಬರೋ ಫೋನ್ ಎಂಟೂವರೆಗೇ ಬರ್ತಿತ್ತು. ಮತ್ತ 1976ರ ಆ ಕಾಯ್ದೆಯಲ್ಲಿ ಮುಖ್ಯವಾಗಿ ಮ್ಯಾನೇಜರಿಕೆ ಮಾಡೋರಿಗೆ ಜಾಗ ಇರಲಿಲ್ಲ. ರಜೆ ಕೊಡೋನಿಗೇ ಆ ಕಾನೂನಿನ ರಜೆ ಇರಲಿಲ್ಲ.

ನಮ್ಮ ಹಳೇ ಸರ್ ಈಗ ರಿಟೈರ್ ಆಗ್ಯಾರ. ಹೋದ ದೀಪಾವಳಿಗೆ ಫೋನ್ ಮಾಡಿದ್ದೆ. ಮೊದಲು ಕೇಳಿದ್ದು, "ಅಪ್ಪಾರು ಹೆಂಗದಾರ?"

ನಿಮಗೂ ಹಿಂಥಾ ಸರ್ ಸಿಕ್ಕಿದ್ರ ಕೆಳಗ ಬರೀರಿ. ಮುಂದಿನ ಭಾಗ: ಸ್ಟಾಕಿಸ್ಟ್ ಅಂಗಡಿಯ ಹಿಂದಿನ ಬಾಗಿಲು.

#ಸತ್ತೂರ #ಹುಬ್ಬಳ್ಳಿಧಾರವಾಡ #ಬ್ಯಾಗಿನವರಕಥೆ