ಡಾಕ್ಸಿಸೈಕ್ಲಿನ್: ನಿಂತ ಮಳೆನೀರಿನಲ್ಲಿ ನಡೆದವರು ತಿಳಿದಿರಬೇಕಾದ ವಿಷಯಗಳು

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ನೀರು ಇಳಿದ ಮೇಲಿನ ವಾರಗಳಲ್ಲಿ ನಗರದಲ್ಲಿ ಲೆಪ್ಟೊಸ್ಪೈರೋಸಿಸ್ ಹರಡಿತು. ಕರಾವಳಿ, ಮಲೆನಾಡಿನಲ್ಲಿ ಇದನ್ನೇ ಇಲಿ ಜ್ವರ ಎನ್ನುತ್ತಾರೆ. ಇಲಿ, ನಾಯಿ, ದನಗಳ ಮೂತ್ರದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ ಕಾಲಿನ ಗಾಯ, ಬಿರುಕು ಅಥವಾ ಕಣ್ಣು, ಮೂಗು, ಬಾಯಿಯ ಮೂಲಕ ದೇಹವನ್ನು ಪ್ರವೇಶಿಸುತ್ತದೆ. ಇದನ್ನು ತಡೆಯಲು ಬಳಸುವ ಮುಖ್ಯ ಆ್ಯಂಟಿಬಯೋಟಿಕ್ ಡಾಕ್ಸಿಸೈಕ್ಲಿನ್.

ಯಾರಿಗೆ, ಎಷ್ಟು?

ನಿಂತ ನೀರಿನಲ್ಲಿ ನಡೆದವರು 24ರಿಂದ 72 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಔಷಧ ಪಡೆಯಬೇಕೆಂದು ಬೃಹನ್ಮುಂಬಯಿ ಮಹಾನಗರ ಪಾಲಿಕೆ ಸೂಚಿಸುತ್ತ ಬಂದಿದೆ. ವಯಸ್ಕರಿಗೆ ಹೇಳಿರುವ ಪ್ರಮಾಣ ಹೀಗಿದೆ:

• ಒಮ್ಮೆ ಮಾತ್ರ ನಡೆದಿದ್ದು, ಗಾಯವಿಲ್ಲದಿದ್ದರೆ: 200 ಮಿ.ಗ್ರಾಂ., ಒಂದೇ ಸಲ.
• ಒಮ್ಮೆ ನಡೆದಿದ್ದು, ಕಾಲಿನಲ್ಲಿ ಗಾಯವಿದ್ದರೆ: ದಿನಕ್ಕೊಮ್ಮೆ 200 ಮಿ.ಗ್ರಾಂ., 3 ದಿನ.
• ಮತ್ತೆ ಮತ್ತೆ ನಡೆದವರು, ನೀರಿನಲ್ಲೇ ಕೆಲಸ ಮಾಡುವವರು: ವಾರಕ್ಕೊಮ್ಮೆ 200 ಮಿ.ಗ್ರಾಂ., 6 ವಾರ.

ಒಂದೇ ಮನೆಯ ಇಬ್ಬರಿಗೆ ಪ್ರಮಾಣ ಬೇರೆಯಾಗಬಹುದು. ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ನುಂಗಬೇಡಿ. ಹತ್ತಿರದ ಪಾಲಿಕೆ ದವಾಖಾನೆಗೆ ಹೋಗಿ, ಎಷ್ಟು ಸಲ ನೀರಿಗಿಳಿದಿರಿ, ಗಾಯವಿತ್ತೇ ಎಂಬುದನ್ನು ತಿಳಿಸಿ.

ನುಂಗುವುದು ಹೇಗೆ?

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ರಾತ್ರಿ ತಡವಾಗಿ ಮನೆ ಸೇರಿ, ಒಂದು ಗುಟುಕು ನೀರಿನಲ್ಲಿ ಕ್ಯಾಪ್ಸೂಲ್ ನುಂಗಿ ಮಲಗಿಬಿಡುತ್ತಾರೆ. ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ. ಮರುದಿನ ಎಂಜಲು ನುಂಗುವುದಕ್ಕೂ ಎದೆ ಉರಿಯುತ್ತದೆ. ಊಟದ ನಂತರ, ಒಂದು ಪೂರ್ತಿ ಲೋಟ ನೀರಿನೊಂದಿಗೆ, ಕುಳಿತು ಅಥವಾ ನಿಂತು ನುಂಗಿ. ನಂತರ ಕನಿಷ್ಠ ಅರ್ಧ ಗಂಟೆ ಮಲಗಬೇಡಿ.

ಆ್ಯಸಿಡಿಟಿ ಔಷಧ, ಕಬ್ಬಿಣ, ಕ್ಯಾಲ್ಸಿಯಂ ಅಥವಾ ಜಿಂಕ್ ಮಾತ್ರೆಗಳು ಡಾಕ್ಸಿಸೈಕ್ಲಿನ್ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ಇವುಗಳ ನಡುವೆ 2–3 ಗಂಟೆ ಅಂತರವಿರಲಿ. ಹಾಲಿನೊಂದಿಗೂ ನುಂಗಬೇಡಿ.

ಯಾರು ಎಚ್ಚರ ವಹಿಸಬೇಕು?

ಗರ್ಭಿಣಿಯರಿಗೆ ಮತ್ತು 8 ವರ್ಷದೊಳಗಿನ ಮಕ್ಕಳಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬೆಳೆಯುತ್ತಿರುವ ಹಲ್ಲಿನಲ್ಲಿ ಶಾಶ್ವತ ಕಲೆ ಉಳಿಯುವ ಭಯವಿದೆ. ಅಂಥವರಿಗೆ ವೈದ್ಯರು ಅಜಿಥ್ರೊಮೈಸಿನ್ ಆಯ್ಕೆ ಮಾಡುತ್ತಾರೆ. ಹಾಲುಣಿಸುವವರು, ಯಕೃತ್ತಿನ ಕಾಯಿಲೆ ಇರುವವರು, ಟೆಟ್ರಾಸೈಕ್ಲಿನ್ ಅಲರ್ಜಿ ಇರುವವರು, ರಕ್ತ ತೆಳುವಾಗಿಸುವ ವಾರ್ಫರಿನ್, ಅಪಸ್ಮಾರದ ಔಷಧ ಅಥವಾ ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು.

ಅಡ್ಡ ಪರಿಣಾಮಗಳು

ವಾಕರಿಕೆ, ಹೊಟ್ಟೆನೋವು, ಭೇದಿ ಸಾಮಾನ್ಯ. ಬಿಸಿಲಿಗೆ ಚರ್ಮ ಬೇಗ ಕೆಂಪಾಗಬಹುದು; ಮೋಡ ಸರಿದ ದಿನ ಕೊಡೆ, ತುಂಬುತೋಳಿನ ಬಟ್ಟೆ ಬಳಸಿ. ಮೈಮೇಲೆ ದದ್ದು, ಮುಖ ಊತ, ಉಸಿರಾಟದ ತೊಂದರೆ, ತೀವ್ರ ತಲೆನೋವಿನೊಂದಿಗೆ ದೃಷ್ಟಿ ಮಂಜಾಗುವುದು, ರಕ್ತಭೇದಿ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಉಳಿದ ಮಾತ್ರೆ ಇಟ್ಟುಕೊಳ್ಳಬಹುದೇ?

ಬೇಡ. ಸ್ಟ್ರಿಪ್ ಮೇಲಿನ ಕೆಂಪು ಗೆರೆಯ ಅರ್ಥ, ವೈದ್ಯರ ಚೀಟಿಯಿಲ್ಲದೆ ಬಳಸಬಾರದು ಎಂದು. ಅವಧಿ ಮುಗಿದ ಟೆಟ್ರಾಸೈಕ್ಲಿನ್ ನುಂಗಿ ಮೂತ್ರಪಿಂಡಕ್ಕೆ ಹಾನಿಯಾದ ಉದಾಹರಣೆಗಳಿವೆ.

ಜ್ವರ ಬಂದರೆ?

ಡಾಕ್ಸಿಸೈಕ್ಲಿನ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ನೀರಿನಲ್ಲಿ ನಡೆದ 2ರಿಂದ 30 ದಿನಗಳೊಳಗೆ ಜ್ವರ, ತಲೆನೋವು, ಮೀನಖಂಡದ ನೋವು, ಕೆಂಪು ಕಣ್ಣು ಕಾಣಿಸಿಕೊಂಡರೆ ಮನೆಯಲ್ಲಿರುವ ಕ್ಯಾಪ್ಸೂಲ್ ನುಂಗಿ ಕಾಯಬೇಡಿ. ಡೆಂಗಿಯೂ ಹೀಗೆಯೇ ಆರಂಭವಾಗುತ್ತದೆ. ಅದಕ್ಕೆ ಈ ಔಷಧ ಕೆಲಸ ಮಾಡುವುದಿಲ್ಲ. ಮಲೇರಿಯಾಕ್ಕೆ ಬೇರೆ ಚಿಕಿತ್ಸೆ ಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ದಾಖಲಾಗಬೇಕಾಗಬಹುದು. ಅಲ್ಲಿ ಎರಡು ಮಾತು ಮರೆಯದೆ ಹೇಳಿ: ಯಾವ ದಿನ ನೀರಿನಲ್ಲಿ ನಡೆದಿರಿ, ಯಾವ ಮಾತ್ರೆ ಎಷ್ಟು ನುಂಗಿದ್ದೀರಿ. ಖಾಲಿ ಸ್ಟ್ರಿಪ್ ಜೊತೆಗಿದ್ದರೆ ಇನ್ನೂ ಒಳ್ಳೆಯದು.