ಒಂದು ಜಿಲ್ಲೆ, ಹಲವು ಗೆರೆಗಳು: ಫ್ರಾಂಕ್ಲಿನ್ ವಿಭಜನೆಯ ಹಿನ್ನೆಲೆ

ನವೆಂಬರ್ 1 ನಮಗೆಲ್ಲ ರಾಜ್ಯೋತ್ಸವದ ದಿನ. 2010ರ ಅದೇ ದಿನ ಆಕ್ಲೆಂಡ್ ಕೌನ್ಸಿಲ್ ಕಾರ್ಯಾರಂಭ ಮಾಡಿತು, ಫ್ರಾಂಕ್ಲಿನ್ ಜಿಲ್ಲೆ ಇಲ್ಲವಾಯಿತು. ಪುಕೆಕೊಹೆ, ವೈಯುಕು ಆಕ್ಲೆಂಡಿಗೆ ಸೇರಿದವು; ಟುವಾಕಾವ್, ಪೊಕೆನೊ ವೈಕಾಟೊ ಜಿಲ್ಲೆಗೆ ಹೋದವು; ಪೂರ್ವದ ಒಂದಿಷ್ಟು ಭಾಗ ಹೌರಾಕಿಯ ಪಾಲಾಯಿತು. ಪುಕೆಕೊಹೆಯಿಂದ ಟುವಾಕಾವ್‌ಗೆ ಇರುವುದು ಸುಮಾರು ಹತ್ತು ಕಿ.ಮೀ. ಅಷ್ಟು ಹತ್ತಿರದ ಊರುಗಳ ನಡುವೆ ಗಡಿ ಹೇಗೆ ಬಂತು ಎಂಬುದನ್ನು ಇಲ್ಲಿ ಚುಟುಕಾಗಿ ವಿವರಿಸಲು ಯತ್ನಿಸಿದ್ದೇನೆ.

ಈ ಸೀಮೆಯ ಅತ್ಯಂತ ಕಹಿಯಾದ ಗಡಿ ಕೌನ್ಸಿಲ್ಲುಗಳಿಗಿಂತ ಹಳೆಯದು. ಪೊಕೆನೊ ಬಳಿಯ ಮಂಗಟಾಫಿರಿ ತೊರೆಯನ್ನು ದಾಟಿ ಸೈನ್ಯ ಬರಕೂಡದೆಂದು ಮಾವೊರಿ ಅರಸೊತ್ತಿಗೆಯ ಚಳವಳಿಯಾದ ಕಿಂಗಿಟಂಗ ಹೇಳಿತ್ತು. 1863ರ ಜುಲೈ 12ರಂದು ಬ್ರಿಟಿಷ್ ಪಡೆ ಆ ತೊರೆಯನ್ನು ದಾಟಿತು. ಯುದ್ಧದ ನಂತರ ವೈಕಾಟೊದಲ್ಲಿ ಸುಮಾರು 12 ಲಕ್ಷ ಎಕರೆ ಭೂಮಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅದಕ್ಕೆ ಕ್ಷಮೆ ಕೋರುವ ಕಾಯ್ದೆಗೆ ರಾಣಿ ಎಲಿಜಬೆತ್ ಸಹಿ ಹಾಕಿದ್ದು 1995ರಲ್ಲಿ.

ಆಡಳಿತದ ಗಡಿಗಳ ಕಥೆ ಬೇರೆ. 1853ರಿಂದ ಇದ್ದ ಪ್ರಾಂತಗಳು 1876ರಲ್ಲಿ ರದ್ದಾಗಿ ಕೌಂಟಿಗಳು ಬಂದವು. 1989ರ ಸುಧಾರಣೆಯಲ್ಲಿ ಫ್ರಾಂಕ್ಲಿನ್ ಕೌಂಟಿಯೂ ಪುಕೆಕೊಹೆ, ವೈಯುಕು, ಟುವಾಕಾವ್ ಪಟ್ಟಣಗಳೂ ಕೂಡಿ ಒಂದೇ ಜಿಲ್ಲೆಯಾದವು. ಆದರೆ ಒಗ್ಗಟ್ಟು ಅರೆಬರೆ. ಕಸ, ಸ್ಥಳೀಯ ರಸ್ತೆ, ಮನೆ ಕಟ್ಟಲು ಅನುಮತಿ ಇವುಗಳನ್ನು ಜಿಲ್ಲಾ ಕೌನ್ಸಿಲ್ ನೋಡಿಕೊಂಡರೆ, ನದಿ, ನೆಲ, ಗಾಳಿಯ ಹೊಣೆ ಪ್ರಾದೇಶಿಕ ಕೌನ್ಸಿಲ್ಲಿನದು. ಫ್ರಾಂಕ್ಲಿನ್‌ನ ಒಂದು ಭಾಗ ಆಕ್ಲೆಂಡ್ ಪ್ರದೇಶದಲ್ಲಿ, ಇನ್ನೊಂದು ವೈಕಾಟೊ ಪ್ರದೇಶದಲ್ಲಿ ಇತ್ತು. ಆಕ್ಲೆಂಡಿಗೆಲ್ಲ ಒಂದೇ ಕೌನ್ಸಿಲ್ ಇರಲಿ ಎಂದು ರಾಯಲ್ ಕಮಿಷನ್ 2009ರಲ್ಲಿ ಶಿಫಾರಸು ಮಾಡಿದಾಗ, ಎರಡು ದೋಣಿಯಲ್ಲಿ ಕಾಲಿಟ್ಟಿದ್ದ ಈ ಜಿಲ್ಲೆ ಉಳಿಯುವುದು ಕಷ್ಟವಾಯಿತು.

ಆದರೂ ಬದುಕು ಆ ಗೆರೆಯನ್ನು ಪೂರ್ತಿ ಒಪ್ಪಲಿಲ್ಲ. ರೇಟ್ಸ್ ಬಿಲ್ ವೈಕಾಟೊದಿಂದ ಬಂದರೂ, ಟುವಾಕಾವ್‌ನವರ ಆರೋಗ್ಯ ಸೇವೆ ದಕ್ಷಿಣ ಆಕ್ಲೆಂಡಿನ ಕೌಂಟೀಸ್ ಮನುಕಾವ್ ಮಂಡಳಿಯ ಕೈಯಲ್ಲೇ ಉಳಿಯಿತು. 2021ರ ಲಾಕ್‌ಡೌನ್‌ನಲ್ಲಿ ಒಂದನೇ ಹೆದ್ದಾರಿಯ ಪೊಲೀಸ್ ತಪಾಸಣೆ ನಿಂತದ್ದು ಕೌನ್ಸಿಲ್ ಗಡಿಯಲ್ಲಲ್ಲ, ಪೊಕೆನೊ ದಾಟಿದ ಮೇಲೆ ಸಿಗುವ ಮರ್ಸರ್‌ನಲ್ಲಿ. ಕಾಗದದಲ್ಲಿ ವೈಕಾಟೊದವರಾದ ಪೊಕೆನೊದ ಜನ ಆಗ ಆಕ್ಲೆಂಡಿನವರೊಡನೆ ಒಳಗೆ ಉಳಿದರು.

ಇದನ್ನು ಓದುವಾಗ ನನಗೆ ಕಾಸರಗೋಡು ನೆನಪಾಗದೆ ಇರಲಿಲ್ಲ. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಆ ತಾಲ್ಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ನಾವು ಹಬ್ಬವೆಂದು ಆಚರಿಸುವ ದಿನವೇ ಗೋವಿಂದ ಪೈಗಳ ಮಂಜೇಶ್ವರ ಕನ್ನಡ ರಾಜ್ಯದ ಹೊರಗಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಜಾರಿಯಾಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ವಿಲೀನಕ್ಕಾಗಿ ಬದುಕಿನುದ್ದಕ್ಕೂ ದನಿಯೆತ್ತಿದರು.

ಈ ಗಡಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. 2010ರ ಗೆರೆ ಬದಲಿಸಿದ್ದು ತೆರಿಗೆ ಕಟ್ಟುವ ಕಚೇರಿಯನ್ನು. 1956ರದ್ದು ಮಕ್ಕಳ ಶಾಲೆಯ ಭಾಷೆಯನ್ನೂ ಸರ್ಕಾರಿ ಅರ್ಜಿಯ ಭಾಷೆಯನ್ನೂ ಪ್ರಶ್ನೆಯಾಗಿಸಿತು. 1863ರಲ್ಲಿ ದಾಟಿದ ಗೆರೆ ಒಂದು ಜನಾಂಗದ ನೆಲವನ್ನೇ ಕಿತ್ತುಕೊಂಡಿತು. ಯಾವುದೇ ಗಡಿಯ ಚರಿತ್ರೆ ಬರೆಯುವಾಗ ಅದು ಎಲ್ಲಿ ಹಾದುಹೋಯಿತು ಎಂಬುದರ ಜೊತೆಗೆ, ಯಾರನ್ನು ಕೇಳಿ ಎಳೆದರು, ಯಾರಿಂದ ಏನನ್ನು ಕಸಿದುಕೊಂಡಿತು ಎಂದೂ ದಾಖಲಿಸಬೇಕು. ದಕ್ಷಿಣ ಆಕ್ಲೆಂಡಿನಲ್ಲೂ ಪೊಕೆನೊದಲ್ಲೂ ಮನೆ ಮಾಡಿರುವ ನಮ್ಮ ಕುಟುಂಬಗಳು ಮಕ್ಕಳಿಗೆ ಹೇಳಬೇಕಾದ ಊರಿನ ಕಥೆ ಇದೇ.