ಹದಿನಾರಾಣೆಯ ಬೆಳೆ

ಅಂಕೋಲೆಯ ನೆರೆಯಲ್ಲಿ ಕಡಲಿಗೆ ಮುಖಮಾಡಿರುವ ಬೆಳಂಬಾರವು ಹಾಲಕ್ಕಿ ಒಕ್ಕಲಿಗರು ತಲೆತಲಾಂತರದಿಂದ ನೆಲೆನಿಂತು ಬೇಸಾಯ ಮಾಡಿಕೊಂಡು ಬಂದ ಊರು. ಈ ಕರಾವಳಿಯ ಭೂಮಿ ಒಂದೇ ಬಗೆಯದಲ್ಲ: ಮಳೆಯನ್ನೇ ನಚ್ಚಿಕೊಂಡ ಎತ್ತರದ ಮಕ್ಕಿಗದ್ದೆ ಬೇರೆ, ನೀರು ನಿಲ್ಲುವ ಬೈಲು ಬೇರೆ, ಉಬ್ಬರದ ಉಪ್ಪುನೀರನ್ನು ಕಟ್ಟೆಯಿಂದ ತಡೆದು ಕಗ್ಗದ ಬತ್ತವನ್ನು ಬಿತ್ತುವ ಗಜನಿ ಬೇರೆ. ಹೀಗಿರುವಲ್ಲಿ ಈ ವರ್ಷದ ಬೆಳೆ ಎಷ್ಟೆಂಬ ಪ್ರಶ್ನೆಗೆ ಒಂದೇ ಅಂಕೆಯ ಉತ್ತರವನ್ನು ಕೊಡುವುದೆಂತು? ಸಂಖ್ಯಾಶಾಸ್ತ್ರದ ಅಭ್ಯಾಸಕ್ಕೆ ತೊಡಗುವ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ಪ್ರಥಮಪಾಠವನ್ನು ನಾನರಿಯೆ.

ಈ ಊರಿರುವ ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸನ್ನು ಬಿಟ್ಟು ಸೇರಿದ ಮುಂಬಯಿ ಇಲಾಖೆಯಲ್ಲಿ ಈ ಪ್ರಶ್ನೆಗೆ ಆಣೆವಾರಿಯೆಂಬ ಉತ್ತರವಿದ್ದಿತು. ರೂಪಾಯಿಗೆ ಹದಿನಾರು ಆಣೆಯಿದ್ದ ಆ ಕಾಲದಲ್ಲಿ, ನಿಜವನ್ನು ‘ಹದಿನಾರಾಣೆ’ ನಿಜವೆನ್ನುವ ನಾಡಿನಲ್ಲಿ ಪೂರ್ಣ ಬೆಳೆಯೂ ಹದಿನಾರಾಣೆಯೇ ಆಯಿತು. ನಿಂತ ಪೈರನ್ನು ಕಣ್ಣಂದಾಜಿನಿಂದ ನೋಡಿ, ಇದು ಎಂಟಾಣೆ, ಇದು ಆರಾಣೆ ಎಂದು ಅಧಿಕಾರಿಗಳು ಬರೆದುಕೊಳ್ಳುತ್ತಿದ್ದರು. ಆದರೆ ಆ ಪೂರ್ಣ ಬೆಳೆಯೆಂಬುದು ಯಾವ ವರ್ಷದ್ದು, ಯಾವ ಗದ್ದೆಯದು? ಅಳೆಯುವ ಕೋಲೇ ನೆನಪಿನಿಂದ ಮಾಡಿದುದಾಗಿದ್ದಿತು. ಮೇಲಾಗಿ, ದಾರಿಯ ಬದಿಯ ಗದ್ದೆ ಕಣ್ಣಿಗೆ ಬೇಗ ಬೀಳುತ್ತದೆ. ದೂರದ ಗಜನಿಗೆ ಹೋಗಲು ಕೆಸರು ತುಳಿಯಬೇಕಾಗುತ್ತದೆ. ನೋಡುವವನು ಪ್ರಾಮಾಣಿಕನಾಗಿದ್ದರೂ, ನೋಡತಕ್ಕುದನ್ನು ಅವನೇ ಆಯ್ದುಕೊಳ್ಳುವವರೆಗೆ ಅಂಕೆಯು ಒಂದು ಕಡೆಗೆ ವಾಲಿಯೇ ತೀರುತ್ತದೆ.

ಈ ವಾಲುವಿಕೆಯ ಬೆಲೆಯನ್ನು ರೈತನು ತೆರಬೇಕಾಗಿತ್ತು. ಅದೇ ಇಲಾಖೆಯ ಖೇಡಾದಲ್ಲಿ 1918ರಲ್ಲಿ ನಡೆದ ಸತ್ಯಾಗ್ರಹದ ಮೂಲದಲ್ಲಿದ್ದುದು ಇಂಥದೇ ಅಂಕೆಯ ವಿವಾದ: ಬೆಳೆಯು ನಾಲ್ಕಾಣೆ ಅಥವಾ ಅದಕ್ಕೂ ಕಡಿಮೆಯಾದರೆ ಆ ವರ್ಷದ ತೀರ್ವೆಯ ವಸೂಲಿಯನ್ನು ಮುಂದೂಡಬೇಕೆಂಬುದು ನಿಯಮ, ನಾಲ್ಕಾಣೆಗಿಂತ ಹೆಚ್ಚೆಂದು ಸರಕಾರವೂ ಕಡಿಮೆಯೆಂದು ರೈತರೂ ವಾದಿಸಿದರು. 1930ರ ದಶಕದಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆಗೆ ಇಳಿದು ಭೂಮಿಯನ್ನೇ ಕಳೆದುಕೊಂಡದ್ದು ಸ್ವರಾಜ್ಯಕ್ಕಾಗಿ; ಆದರೂ ತೀರ್ವೆಯೆಂಬುದು ಇಲ್ಲಿಯ ಮನೆತನಗಳ ಬಾಳಿನೊಡನೆ ಎಷ್ಟು ಹೆಣೆದುಕೊಂಡಿದ್ದಿತೆಂಬುದು ಅದರಿಂದ ತಿಳಿಯುತ್ತದೆ.

ಇನ್ನು ಸರಾಸರಿಯ ವಿಷಯ. ಸಮ ವಿಸ್ತೀರ್ಣದ ಮಕ್ಕಿಯಲ್ಲಿ ಹನ್ನೆರಡಾಣೆ, ಕಟ್ಟೆಯೊಡೆದ ಗಜನಿಯಲ್ಲಿ ನಾಲ್ಕಾಣೆ ಬೆಳೆದಿದೆಯೆಂದಿಟ್ಟುಕೊಳ್ಳಿ, ಸರಾಸರಿ ಎಂಟಾಣೆ. ಗಣಿತದಲ್ಲಿ ತಪ್ಪಿಲ್ಲ, ಆದರೆ ಎಂಟಾಣೆ ಬೆಳೆದ ಗದ್ದೆ ಆ ಊರಿನಲ್ಲಿ ಒಂದೂ ಇಲ್ಲ. ಆದುದರಿಂದಲೇ ಸರಾಸರಿಯ ಜೊತೆಗೆ ಅಂಕೆಗಳ ಹರಹನ್ನೂ ಹೇಳಬೇಕು. ಮಕ್ಕಿ, ಬೈಲು, ಗಜನಿಗಳನ್ನು ಬೇರೆ ಬೇರೆ ಸ್ತರಗಳೆಂದು ಎಣಿಸಿ ಒಂದೊಂದರಿಂದಲೂ ಮಾದರಿಯನ್ನು ತೆಗೆಯಬೇಕು.

ಕಣ್ಣಂದಾಜಿನ ಸ್ಥಾನದಲ್ಲಿ ಕುಡುಗೋಲನ್ನೂ ತಕ್ಕಡಿಯನ್ನೂ ತಂದ ಕೀರ್ತಿಯಲ್ಲಿ ಹಲವರಿಗೆ ಪಾಲಿದೆ. 1920ರ ದಶಕದಲ್ಲಿ ಬಿಹಾರ–ಒರಿಸ್ಸಾಗಳಲ್ಲಿ ಜಾನ್ ಹಬ್ಯಾಕ್ ಎಂಬ ಅಧಿಕಾರಿ ಬತ್ತದ ಗದ್ದೆಗಳಲ್ಲಿ ಸಣ್ಣ ತುಣುಕುಗಳನ್ನು ಯಾದೃಚ್ಛಿಕವಾಗಿ ಆಯ್ದು ಕೊಯ್ಯಿಸಿದರು. 1931ರಲ್ಲಿ ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಮಹಲನೋಬಿಸರು ಬಂಗಾಳದ ಸೆಣಬಿನ ಬೆಳೆಗೆ ಮಾದರಿ ಸಮೀಕ್ಷೆಯನ್ನು ಅನ್ವಯಿಸಿದರು. ಸಂಖ್ಯಾಶಾಸ್ತ್ರಜ್ಞರಾದ ಸುಖಾತ್ಮೆ, ಪಾನ್ಸೆಯವರು ಬೆಳೆ ಕಟಾವಿನ ಪ್ರಯೋಗವನ್ನು ದೇಶವ್ಯಾಪಿಯಾಗಿ ಬೆಳೆಸಿದರು.

ಆ ಪ್ರಯೋಗದ ಕ್ರಮವನ್ನು ಗದ್ದೆಯ ಅಂಚಿನಲ್ಲಿ ನಿಂತು ನೋಡಿದರೇ ಸೊಗಸು. ಸರ್ವೆ ನಂಬರುಗಳಲ್ಲಿ ಯಾವುದೆಂಬುದನ್ನು ಯಾದೃಚ್ಛಿಕ ಸಂಖ್ಯೆ ನಿರ್ಣಯಿಸುತ್ತದೆ. ಗದ್ದೆಯ ನೈಋತ್ಯ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಡ್ಡಕ್ಕೆ ಎಷ್ಟು ಹೆಜ್ಜೆಯೆಂಬುದನ್ನೂ ಸಂಖ್ಯೆಯೇ ಹೇಳುತ್ತದೆ. ಅಲ್ಲಿ ಗೂಟ ನೆಟ್ಟು, ಹಗ್ಗ ಎಳೆದು, ಒಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂಗುತ್ತಾರೆ. ಗೂಟ ಬಿದ್ದಲ್ಲಿ ಪೈರು ಜೊಳ್ಳಾಗಿದ್ದರೂ ‘ಆಚೆ ಚೆನ್ನಾಗಿದೆ’ ಎಂದು ಅದನ್ನು ಕೀಳುವಂತಿಲ್ಲ. ತೆನೆ ಬಾಗಿ ತೂಗುತ್ತಿದ್ದರೂ ಈಚೆಗೆ ಸರಿಸುವಂತಿಲ್ಲ.